ಹಸುರೆಲೆಯ ಎರಡು ಕಾರ್ಯಾಗಾರಗಳು
ಚಿತ್ರದುರ್ಗದ ಕಡಲೆಕಾಯಿ, ಹಿರಿಯೂರು ಹೊಸದುರ್ಗಗಳ ತೆಂಗು, ಹೊಳಲ್ಕೆರೆಯ ಅಡಕೆ ಇವೆಲ್ಲವನ್ನೂ ಪೋಷಿಸುವುದು ಹಸುರೆಲೆ. ಅದರ ಜೀವಕೋಶದಲ್ಲಿ ಪ್ರೋಟೀನನ್ನು ಹೆಣೆಯುವ ರೈಬೋಸೋಮ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆಗಳನ್ನು ನಾವು ಕಾಣುತ್ತೇವೆ. ಕೋಶದ್ರವದಲ್ಲಿರುವವು 80 ಎಸ್. ಕ್ಲೋರೋಪ್ಲಾಸ್ಟ್ ಎಂಬ ಹಸುರುಕಣದೊಳಗಿನವು 70 ಎಸ್. ‘ಎಸ್’ ತೂಕವಲ್ಲ, ದ್ರವದಲ್ಲಿ ತಳಕ್ಕಿಳಿಯುವ ವೇಗದ ಅಳತೆ. ಆದುದರಿಂದಲೇ 50 ಎಸ್, 30 ಎಸ್ ಹೋಳುಗಳು ಕೂಡಿ 70 ಎಸ್ ಆಗುತ್ತವೆ. ಇವು ಬ್ಯಾಕ್ಟೀರಿಯಗಳ ರೈಬೋಸೋಮ್‌ಗಳನ್ನೇ ಹೋಲುತ್ತವೆ. ಬ್ಯಾಕ್ಟೀರಿಯಗಳನ್ನು ತಡೆಯುವ ಸ್ಟ್ರೆಪ್ಟೊಮೈಸಿನ್ ಎಳೆಯ ಸಸಿಗಳನ್ನೂ ಬಿಳಿಚಿಸಬಲ್ಲುದು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಸೆರೆಹಿಡಿಯುವ ರುಬಿಸ್ಕೋ ಕಿಣ್ವದಲ್ಲಿ 16 ಘಟಕಗಳುಂಟು: ದೊಡ್ಡವು 8 ಕಣದೊಳಗೇ ಹುಟ್ಟುತ್ತವೆ, ಚಿಕ್ಕವು 8 ಹೊರಗೆ ಸಿದ್ಧವಾಗಿ ಒಳಬರುತ್ತವೆ. ಒಂದು ಕಾರ್ಯಾಗಾರ ನಿಂತರೆ ಇನ್ನೊಂದರ ದುಡಿಮೆಯೂ ವ್ಯರ್ಥ. ನಮ್ಮ ಅನ್ನಕ್ಕೂ ಕುತ್ತು.