ಓದಿಗೆ ತೆತ್ತ ಬೆಲೆ

ನ್ಯೂಯಾರ್ಕ್ ಎಂದೊಡನೆ ಗಗನಚುಂಬಿ ಕಟ್ಟಡಗಳು ನೆನಪಾಗುತ್ತವೆ. ಆದರೆ ನೂರು ವರ್ಷಗಳ ಹಿಂದೆ ಅದೇ ನಗರದ ಲೋವರ್ ಈಸ್ಟ್ ಸೈಡ್ ಬಡಾವಣೆಯಲ್ಲಿ, ಪೂರ್ವ ಯೂರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬಗಳು ಗಾಳಿ ಬೆಳಕಿಲ್ಲದ ವಠಾರಗಳಲ್ಲಿ ದಿನ ದೂಡುತ್ತಿದ್ದವು. ಆ ಬದುಕನ್ನು ಸ್ವತಃ ಉಂಡು ಬರೆದವರು ಆಂಜಿಯಾ ಯೆಜಿಯರ್ಸ್ಕಾ. ಅವರ ಕಾದಂಬರಿ ‘ಬ್ರೆಡ್ ಗಿವರ್ಸ್’ 1925ರಲ್ಲಿ ಪ್ರಕಟವಾಯಿತು.

ಕಥಾನಾಯಕಿ ಸಾರಾ. ತಂದೆ ಹಗಲಿರುಳು ಧರ್ಮಗ್ರಂಥಗಳಲ್ಲೇ ಮುಳುಗಿದವನು. ಮನೆಯ ಒಳ್ಳೆಯ ಕೋಣೆ ಅವನ ಪುಸ್ತಕಗಳಿಗೆ ಮೀಸಲು. ಒಲೆ ಉರಿಯುವುದು ಮಾತ್ರ ಹೆಣ್ಣುಮಕ್ಕಳ ದುಡಿಮೆಯಿಂದ. ಹತ್ತು ವರ್ಷದ ಸಾರಾ ಬೀದಿಯಲ್ಲಿ ನಿಂತು ಹೆರಿಂಗ್ ಮೀನನ್ನು ಒಂದಕ್ಕೆ 2 ಸೆಂಟಿನಂತೆ ಕೂಗಿ ಮಾರುತ್ತಾಳೆ.

ತಂದೆಯ ಹಟಕ್ಕೆ ಅಕ್ಕಂದಿರ ಬಾಳು ಹಾಳಾದುದನ್ನು ಕಂಡ ಆಕೆ ಮನೆ ಬಿಡುತ್ತಾಳೆ. ಹಗಲು ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ, ರಾತ್ರಿ ಓದು. ಒಂದು ಚಳಿಯ ರಾತ್ರಿ ಹಕ್ಕಿಪುಕ್ಕದ ಹೊದಿಕೆ ಹೊತ್ತು ಬಂದ ತಾಯಿ, ಒಮ್ಮೆ ಮನೆಗೆ ಬಂದು ಹೋಗೆಂದು ಬೇಡುತ್ತಾಳೆ. ಓದು ಮುಗಿಯಲಿ ಎನ್ನುತ್ತಾಳೆ ಮಗಳು. ಆರು ವರ್ಷಗಳ ನಂತರ ಪದವಿ ಪಡೆದು ಬರುವಾಗ ತಾಯಿಯ ಕೊನೆಗಾಲ ಬಂದಿರುತ್ತದೆ.

ಸಾರಾ ಉಪಾಧ್ಯಾಯಿನಿಯಾದಳು. ಮುಪ್ಪಿನಲ್ಲಿ ಒಂಟಿಯಾದ ತಂದೆಯನ್ನು ಸಿಟ್ಟಿದ್ದರೂ ಕೈಬಿಡಲಾರದಾದಳು.

ಯೆಜಿಯರ್ಸ್ಕಾ 1970ರಲ್ಲಿ ತೀರಿಕೊಂಡರು. ಮರೆಯಾಗಿದ್ದ ಕೃತಿ 1975ರಲ್ಲಿ ಮತ್ತೆ ಅಚ್ಚಾಗಿ ಹೊಸ ಓದುಗರನ್ನು ಪಡೆಯಿತು.

ಈ ಕಥೆಯಲ್ಲಿ ಬಡತನಕ್ಕಿಂತ ಹೆಚ್ಚು ಚುಚ್ಚುವ ಸಂಗತಿಯೊಂದಿದೆ. ದಿನವಿಡೀ ಓದುವ ತಂದೆಗೆ ಮಗಳ ಓದು ಮಾತ್ರ ಬೇಡವಾಗಿತ್ತು. ಆತ ಅಂದು ‘ಓದು ಮಗಳೇ’ ಎಂದಿದ್ದರೆ, ಆ ಆರು ವರ್ಷ ಸಾರಾ ತಾಯಿಯ ಬಳಿಯಲ್ಲೇ ಇರಬಹುದಿತ್ತು.