ಟ್ರಾನ್ಸ್‌ಫಾರ್ಮರ್ ಚಾಲನೆ: ಸೊನ್ನೆಯಲ್ಲೋ, ಶಿಖರದಲ್ಲೋ?

ನಿಮ್ಮ ಮನೆಯ ಸ್ಟೀಲ್ ಪಾತ್ರೆಗಳ ಹಿಡಿಗಳನ್ನು ಒಮ್ಮೆ ಗಮನಿಸಿ. ಹಲವು ಪಾತ್ರೆಗಳಲ್ಲಿ ಹಿಡಿಯನ್ನು ಕೂಡಿಸಿರುವ ಕಡೆ ಸ್ಕ್ರೂ ಆಗಲಿ ರಿವೆಟ್ ಆಗಲಿ ಇರುವುದಿಲ್ಲ. ಚಿಕ್ಕ ದುಂಡು ಗುರುತುಗಳಷ್ಟೇ ಕಾಣುತ್ತವೆ. ಅವು ಸ್ಪಾಟ್ ವೆಲ್ಡಿಂಗ್‌ನ ಗುರುತುಗಳು. ಎರಡು ತಗಡುಗಳನ್ನು ತಾಮ್ರದ ತುದಿಗಳ ನಡುವೆ ಒತ್ತಿ ಹಿಡಿದು, ಕ್ಷಣಕಾಲ ಸಾವಿರ ಆಂಪೇರ್‌ಗೂ ಹೆಚ್ಚು ವಿದ್ಯುತ್ ಹರಿಸಿದರೆ ಲೋಹ ಕರಗಿ ಬೆಸೆದುಕೊಳ್ಳುತ್ತದೆ. ಆ ಕ್ಷಣವನ್ನು ಅಳೆಯುವ ಮೈಕ್ರೊಕಂಟ್ರೋಲರ್ ನೀಡುವುದು 5 ವೋಲ್ಟ್, ಕೆಲವೇ ಮಿಲಿಆಂಪೇರ್. ಇಷ್ಟರಿಂದ ಸಾವಿರ ಆಂಪೇರನ್ನು ನಿಯಂತ್ರಿಸುವುದು ಹೇಗೆ?

ಮೊದಲ ಉಪಾಯ, ಸ್ವಿಚ್ಚನ್ನು ಪ್ರಾಥಮಿಕ ಸುರುಳಿಯ ಕಡೆ ಇಡುವುದು. 230 ವೋಲ್ಟನ್ನು 2.3 ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರ್‌ನಲ್ಲಿ ಸುತ್ತುಗಳ ಅನುಪಾತ 100:1. ದ್ವಿತೀಯಕದಲ್ಲಿ 1000 ಆಂಪೇರ್ ಹರಿದಾಗ ಪ್ರಾಥಮಿಕದಲ್ಲಿ ಹರಿಯುವುದು ಸುಮಾರು 10 ಆಂಪೇರ್ ಮಾತ್ರ. ಇದನ್ನು ಟ್ರಯಾಕ್ ಎಂಬ ಅರೆವಾಹಕ ಸಾಧನ ನಿಭಾಯಿಸಬಲ್ಲದು. ಅದರಲ್ಲಿ ನಷ್ಟವಾಗುವುದು ಸುಮಾರು 1.5 ವೋಲ್ಟ್, ಅಂದರೆ 15 ವಾಟ್ ಶಾಖ. ಅದನ್ನೇ ದ್ವಿತೀಯಕದಲ್ಲಿ ಇಟ್ಟರೆ 1500 ವಾಟ್ ಶಾಖ ಹುಟ್ಟುತ್ತಿತ್ತು. ಬೆಸುಗೆಗೆ ಸಿಗುವ ವೋಲ್ಟೇಜೂ ಬಹುಪಾಲು ಕರಗಿಹೋಗುತ್ತಿತ್ತು!

ಎರಡನೆಯ ಉಪಾಯ ಬೆಳಕಿನದು. ಮೈಕ್ರೊಕಂಟ್ರೋಲರ್ ಒಂದು ಪುಟ್ಟ ಎಲ್‌ಇಡಿಯನ್ನು ಬೆಳಗಿಸುತ್ತದೆ. ಅದೇ ಕವಚದೊಳಗಿನ ಬೆಳಕು-ಸಂವೇದಿ ಟ್ರಯಾಕ್ ಅದರಿಂದ ಎಚ್ಚೆತ್ತು ದೊಡ್ಡ ಟ್ರಯಾಕಿನ ಗೇಟಿಗೆ ಪ್ರವಾಹ ಕಳಿಸುತ್ತದೆ. ಇದೇ ಆಪ್ಟೋಕಪ್ಲರ್. ಎರಡು ಮಂಡಲಗಳ ನಡುವೆ ತಂತಿಯ ಸಂಪರ್ಕವೇ ಇಲ್ಲದ್ದರಿಂದ 230 ವೋಲ್ಟ್ ಹಿಂದಕ್ಕೆ ನುಗ್ಗುವುದಿಲ್ಲ.

ಇನ್ನು ಬಹುಮಂದಿ ಎಡವುವ ಪ್ರಶ್ನೆ: ಯಾವ ಗಳಿಗೆಯಲ್ಲಿ ಚಾಲೂ ಮಾಡಬೇಕು? ಹೀಟರು, ಬಲ್ಬುಗಳಿಗೆ ವೋಲ್ಟೇಜ್ ಸೊನ್ನೆಯಾದಾಗ ಚಾಲೂ ಮಾಡುವುದು ಒಳ್ಳೆಯದು. ಎಂಒಸಿ 3041ರಂಥ ಆಪ್ಟೋಕಪ್ಲರ್‌ಗಳು ಇದಕ್ಕೆಂದೇ ಇವೆ. ಆದರೆ ಟ್ರಾನ್ಸ್‌ಫಾರ್ಮರ್‌ಗೆ ಸೊನ್ನೆಯೇ ಅತಿ ಕೆಟ್ಟ ಗಳಿಗೆ!

ಏಕೆ? ಕೋರ್‌ನ ಕಾಂತೀಯ ಫ್ಲಕ್ಸ್ ವೋಲ್ಟೇಜನ್ನು ಕಾಲಾವಧಿಯಲ್ಲಿ ಕೂಡುತ್ತ ಹೋದಂತೆ ಬೆಳೆಯುತ್ತದೆ. ಎಂದಿನ ಓಟದಲ್ಲಿ ವೋಲ್ಟೇಜ್ ಸೊನ್ನೆಯಾಗಿ ಏರತೊಡಗುವಾಗ ಫ್ಲಕ್ಸ್ ಋಣ ಗರಿಷ್ಠದಲ್ಲಿದ್ದು, ಮುಂದಿನ ಅರ್ಧ ಆವರ್ತದಲ್ಲಿ ಧನ ಗರಿಷ್ಠಕ್ಕೆ ಏರುತ್ತದೆ. ಹೊಸದಾಗಿ ಚಾಲೂ ಮಾಡಿದಾಗ ಅದು ಸೊನ್ನೆಯಿಂದ ಹೊರಟು ಅಷ್ಟೇ ಏರಬೇಕು. ಹಾಗಾಗಿ ಎಂದಿನ ಗರಿಷ್ಠದ ಎರಡರಷ್ಟನ್ನು ಮುಟ್ಟಲು ಹೊರಡುತ್ತದೆ. ಕೋರ್ ಅದನ್ನು ತಾಳದೆ ಸಂತೃಪ್ತವಾಗುತ್ತದೆ. ಆಗ ಪ್ರವಾಹವನ್ನು ತಡೆಯಲು ಉಳಿಯುವುದು ಮುಖ್ಯವಾಗಿ ತಂತಿಯ ಅಲ್ಪ ರೋಧ. ಫ್ಯೂಸ್ ಹಾರಬಹುದು, ಟ್ರಯಾಕ್ ಸುಡಬಹುದು.

ವೋಲ್ಟೇಜ್ ಶಿಖರದಲ್ಲಿದ್ದಾಗ, ಎಂದರೆ ಸುಮಾರು 325 ವೋಲ್ಟ್ ಇದ್ದಾಗ, ಫ್ಲಕ್ಸ್ ಸೊನ್ನೆಯಲ್ಲೇ ಇರಬೇಕು. ಇರುವುದೂ ಸುಮಾರಾಗಿ ಅಲ್ಲೇ. 50 ಹರ್ಟ್ಸ್‌ನಲ್ಲಿ ಸೊನ್ನೆಯಿಂದ ಶಿಖರಕ್ಕೆ 5 ಮಿಲಿಸೆಕೆಂಡ್. ಆದ್ದರಿಂದ ಮೈಕ್ರೊಕಂಟ್ರೋಲರ್ ಸೊನ್ನೆಯನ್ನು ಗುರುತಿಸಿ 5 ಮಿಲಿಸೆಕೆಂಡ್ ಕಾದು ಸಂಜ್ಞೆ ಕೊಟ್ಟರಾಯಿತು. ಇದಕ್ಕೆ ಎಂಒಸಿ 3023ರಂತೆ ಬೇಕಾದಾಗ ಎಚ್ಚರಗೊಳ್ಳುವ ಆಪ್ಟೋಕಪ್ಲರ್ ಬೇಕು. ಸುರುಳಿಯಲ್ಲಿ ಪ್ರವಾಹ ನಿಧಾನವಾಗಿ ಏರುವುದರಿಂದ ಗೇಟಿನ ಸಂಜ್ಞೆ ತೀರ ಚಿಕ್ಕದಾಗಿರಬಾರದು.

ಕೊನೆಯದಾಗಿ ಒಂದು ಎಚ್ಚರಿಕೆ. 'ಆಫ್' ಆದ ಟ್ರಯಾಕ್ ತಂತಿಯನ್ನು ಕತ್ತರಿಸಿದಂತಲ್ಲ. ಅದರ ಮೂಲಕ ಅಲ್ಪ ಪ್ರವಾಹ ಸೋರುತ್ತಲೇ ಇರುತ್ತದೆ. ಪ್ರಯೋಗಾಲಯದಲ್ಲಿ ಇಂಥ ಮಂಡಲವನ್ನು ಮುಟ್ಟುವ ಮುನ್ನ ಪ್ಲಗ್ಗನ್ನು ಕಿತ್ತೇ ಮುಟ್ಟಿ.