ಕೊರಳಿಗೆ ಬಂದ ವೆನಿಸ್

ಯಾದಗಿರಿ, ಶಹಾಪುರ, ಸುರಪುರದ ಕಡೆ ಹಳೆಯ ಒಡವೆಗಳ ಮಾತು ಬಂದರೆ ಬೋರಮಾಳ, ಗುಂಡಿನ ಸರಗಳ ಸಾಲಿನಲ್ಲಿ ಪುತಳಿ ಸರವೂ ಬರುತ್ತದೆ. ಅದರ ಒಂದು ಬಿಲ್ಲೆಯನ್ನು ಕಣ್ಣಿನ ಹತ್ತಿರ ಹಿಡಿದರೆ ಒಂದು ಮಗ್ಗುಲಲ್ಲಿ ನಡುವೆ ಕೋಲು, ಅದರ ಆಚೀಚೆ ಇಬ್ಬರು. ಇನ್ನೊಂದು ಮಗ್ಗುಲಲ್ಲಿ ಚುಕ್ಕಿಗಳ ನಡುವೆ ನಿಂತ ಒಬ್ಬ. ಅಂಚಿನ ಗೀರುಗಳನ್ನು ಯಾವ ಲಿಪಿಯಲ್ಲೂ ಓದಲಾಗದು. ಮೂಲದಲ್ಲಿ ಅವು ಲ್ಯಾಟಿನ್ ಅಕ್ಷರಗಳು. ಕೋಲು ಧ್ವಜದ್ದು, ಅದನ್ನು ಕೊಡುವವನು ಸಂತ ಮಾರ್ಕ, ಮೊಣಕಾಲೂರಿ ಪಡೆಯುವವನು ವೆನಿಸ್ಸಿನ ದೊರೆ, ಒಬ್ಬನೇ ನಿಂತವನು ಕ್ರಿಸ್ತ. ವೆನಿಸ್ 1284ರಲ್ಲಿ ಹೊರಡಿಸಿದ ಡುಕಾಟ್ ಎಂಬ ಚಿನ್ನದ ನಾಣ್ಯವನ್ನು ನಮ್ಮ ಅಕ್ಕಸಾಲಿಗರು ನೋಡಿ ಮಾಡಿದ ಬಿಲ್ಲೆ ಇದು. ಅಚ್ಚು ಹಾಕುವುದು ದೊರೆಗಳ ಕೆಲಸವಾದರೂ ನಾಣ್ಯಕ್ಕೆ ನಿಲ್ಲುವ ಹೆಸರಿಡುವುದು ಬಳಸುವವರ ಕೆಲಸ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಡುಕಾಟ್ ಸುಮಾರು ಮೂರೂವರೆ ಗ್ರಾಂ ತೂಗುತ್ತಿತ್ತು, ಚಿನ್ನ ಹೆಚ್ಚುಕಡಿಮೆ ಅಪ್ಪಟ. 1797ರಲ್ಲಿ ವೆನಿಸ್ ಗಣರಾಜ್ಯ ಅಳಿಯುವವರೆಗೂ ಅದರ ಚಿತ್ರ ಬದಲಾಗಲಿಲ್ಲ. ಮೆಣಸು, ಮಸಾಲೆ ಕೊಳ್ಳಲು ಅದು ಈಜಿಪ್ಟ್, ಕೆಂಪು ಸಮುದ್ರ ದಾಟಿ ನಮ್ಮ ಪಡುವಣ ಕರಾವಳಿಗೆ ಬಂತು. ಗೊಂಬೆಯಂಥ ಚಿತ್ರ ಕಂಡವರು ಪುತಳಿ ಎಂದರು. ಲ್ಯಾಟಿನ್ ಬಾರದವರ ಅಜ್ಞಾನ ಇದು ಎಂದು ಯಾರಾದರೂ ಅನ್ನಬಹುದು. ಹಾಗಾದರೆ ವೆನಿಸ್ಸಿನವರನ್ನೂ ಅದೇ ಮಾತಿನಲ್ಲಿ ಅಳೆಯಬೇಕಾಗುತ್ತದೆ. ಡುಕಾಟ್ ಎಂಬುದು ನಾಣ್ಯದ ಮೇಲಿನ ಬರಹದಲ್ಲಿದ್ದ, ಡ್ಯೂಕನ ರಾಜ್ಯ ಎಂಬರ್ಥದ ಒಂದು ಪದದ ತುಣುಕು. ಮುಂದೆ ಅವರೇ ಅದನ್ನು ಜೆಕ್ಕಿನೊ ಎಂದು ಕರೆದರು. ಅದರ ಬೇರು ಅರಬ್ಬಿಯ ಸಿಕ್ಕಾ, ನಮ್ಮ ಕಚೇರಿಗಳಲ್ಲಿ ಇಂದಿಗೂ ಮೊಹರಿಗೆ ಹೇಳುವ ಅದೇ ಮಾತು. ವರಾಹದ ಚಿತ್ರದಿಂದ ಹೆಸರು ಪಡೆದ ನಮ್ಮ ನಾಣ್ಯವನ್ನು ಯುರೋಪಿನ ವರ್ತಕರು ಪಗೋಡಾ ಎಂದದ್ದೂ ಇದೇ ರೀತಿ.

ಪುತಳಿ ಒಡವೆಯಷ್ಟೇ, ಅದನ್ನು ನಾಣ್ಯದ ಲೆಕ್ಕಕ್ಕೆ ಸೇರಿಸುವುದೇಕೆ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ನಮ್ಮಲ್ಲಿ ಹೊನ್ನು ಎಂದರೆ ಲೋಹವೂ ಹೌದು, ನಾಣ್ಯವೂ ಹೌದು. ಆದಿಲ್‌ಶಾಹಿಗಳ ಫಾರ್ಸಿ ಬರಹಕ್ಕೆ ಅದು ಹುನ್ ಆಗಿ, ಮರಾಠಿಗೆ ಹೋನ್ ಆಗಿ ಹೋಯಿತು. ಡಚ್ಚರ ಗುಲ್ಡೆನ್ ಎಂದರೂ ಚಿನ್ನದ್ದು ಎಂದೇ ಅರ್ಥ. ಅವರು ಮುಂದೆ ಅದನ್ನು ಬೆಳ್ಳಿಯಲ್ಲಿ ಟಂಕಿಸಿದರು, ಹೆಸರು ಕದಲಲಿಲ್ಲ. ಹಣ ಎಂಬುದೂ ಒಂದು ಕಾಲಕ್ಕೆ ಉಗುರಿನಷ್ಟು ಚಿಕ್ಕ ಚಿನ್ನದ ನಾಣ್ಯ. ಇಂದು ಸಂತೆಯಲ್ಲಿ ಫೋನು ತೋರಿಸಿ ಕೊಡುವುದಕ್ಕೂ ನಾವು ಹಣ ಎಂದೇ ಅನ್ನುತ್ತೇವೆ.